ಬಿಳಿ ಉಳಿದ ಕಾಗದ

ಜನ ಉಸಿರಾಡುವ ಗಾಳಿಯನ್ನು ಅಳೆಯುವುದು ನನ್ನ ಕೆಲಸ. ಹೀಗೆಂದರೆ ಚಿತ್ರದುರ್ಗದ ಕಡೆಯ ನಮ್ಮೂರಿನಲ್ಲಿರುವ ಅಕ್ಕ ಈಗಲೂ ನಗುತ್ತಾಳೆ. "ಗಾಳಿ ಅಳೀತಾಳಂತೆ, ಸೇರಿಗೆಷ್ಟು ಅಂತ ಕೇಳ್ರೋ" ಎಂದು ಮನೆಮಂದಿಗೆಲ್ಲ ಕೇಳುವಂತೆ ಫೋನಿನಲ್ಲೇ ಕೂಗುತ್ತಾಳೆ. ನನಗೆ ಸಿಟ್ಟು ಬಂದು ಫೋನ್ ಇಟ್ಟುಬಿಡುತ್ತೇನೆ. ಆಮೇಲೆ ಮುಂದಿನ ಭಾನುವಾರದವರೆಗೆ ನನ್ನ ಜೊತೆ ಕನ್ನಡದಲ್ಲಿ ಮಾತಾಡುವವರು ಇರುವುದಿಲ್ಲ. ಸಿಟ್ಟು ನನಗೆ ಬೇಗ ಬರುತ್ತದೆ, ಅದರಿಂದ ನಷ್ಟವಾಗುವುದು ಹೆಚ್ಚಾಗಿ ನನಗೇ.

ಕೊಯಮತ್ತೂರಿಗೆ ಬಂದು ಹನ್ನೆರಡು ವರ್ಷವಾಯಿತು. ಮದುವೆಯೊಂದು ಆಗಿ, ಮುರಿದು, ಎಲ್ಲಿಗಾದರೂ ಹೋದರೆ ಸಾಕು ಅನ್ನಿಸಿದ್ದ ಕಾಲದಲ್ಲಿ ಇಲ್ಲಿನ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಆರ್.ಎಸ್. ಪುರಂನ ಒಂದು ಮನೆಯ ಎರಡನೇ ಮಹಡಿಯಲ್ಲಿ ನನ್ನ ಕೋಣೆ. ಒಂದು ಮಂಚ, ಒಂದು ಕುರ್ಚಿ. ಎರಡನೇ ಕುರ್ಚಿ ಕೊಳ್ಳುವ ಸಂದರ್ಭ ಇಷ್ಟು ವರ್ಷದಲ್ಲಿ ಬಂದಿಲ್ಲ. ತಮಿಳು ಕಲಿತಿದ್ದೇನೆ, ಆದರೆ ಅದು ಕೆಲಸದ ತಮಿಳು: ಫ್ಯಾನು ನಿಲ್ಲಿಸಿ, ಬಾಗಿಲು ತೆಗೆಯಿರಿ, ಇಲ್ಲಿ ಸಹಿ ಹಾಕಿ. ಬೇಸರವಾಗಿದೆ ಎಂದು ಆ ಭಾಷೆಯಲ್ಲಿ ಹೇಳಲು ನನಗೆ ಬರುವುದಿಲ್ಲ ಎಂದೇನಲ್ಲ. ಹೇಳಿಕೊಳ್ಳುವಂಥವರು ಸಿಕ್ಕಲಿಲ್ಲ, ಅಷ್ಟೆ.

ಕೆಲಸದ ರೀತಿ ಸರಳ. ಅಂಗೈಯಷ್ಟು ದೊಡ್ಡ ಪಂಪೊಂದನ್ನು ಕಾರ್ಮಿಕರ ಸೊಂಟಕ್ಕೆ ಕಟ್ಟುತ್ತೇನೆ. ಅದರಿಂದ ಹೊರಟ ಕೊಳವೆ ಬೆನ್ನಿನ ಮೇಲೆ ಹಾದು ಕಾಲರಿನ ಹತ್ತಿರ ಒಂದು ಪುಟ್ಟ ಡಬ್ಬಿಯಲ್ಲಿ ಮುಗಿಯುತ್ತದೆ. ಡಬ್ಬಿಯೊಳಗೆ ಮೊದಲೇ ತೂಕ ಮಾಡಿಟ್ಟ ದುಂಡನೆಯ ಬಿಳಿ ಕಾಗದ. ಪಂಪು ಇಡೀ ದಿನ ಅವರ ಮೂಗಿನ ಬಳಿಯ ಗಾಳಿಯನ್ನು ಎಳೆಯುತ್ತದೆ, ಧೂಳು ಕಾಗದದ ಮೇಲೆ ಕೂರುತ್ತದೆ. ಸಂಜೆ ಬಿಚ್ಚಿ ತಂದು ಮತ್ತೆ ತೂಗಿದರೆ ಆ ಮನುಷ್ಯನ ಎದೆಗೆ ದಿನಕ್ಕೆ ಎಷ್ಟು ಧೂಳು ಹೋಗುತ್ತಿದೆ ಎಂದು ಗೊತ್ತಾಗುತ್ತದೆ. ಕೊಯಮತ್ತೂರಿನ ಎರಕದ ಮನೆಗಳು, ತೊಂಡಾಮುತ್ತೂರು ಕಡೆಯ ತೆಂಗಿನ ನಾರಿನ ಶೆಡ್ಡುಗಳು, ತಿರುಪ್ಪೂರಿನ ಬನಿಯನ್ ಕಂಪನಿಗಳು ಎಲ್ಲ ಕಡೆ ಹೀಗೆ ಮೂಗು ತೂರಿಸಿ ಬಂದಿದ್ದೇನೆ.

ಪೆಟ್ಟಿಗೆಯಲ್ಲಿ ಇನ್ನೊಂದು ಡಬ್ಬಿಯೂ ಇರುತ್ತದೆ. ಅದಕ್ಕೆ ಬ್ಲಾಂಕ್ ಎನ್ನುತ್ತೇವೆ. ಅದರೊಳಗೂ ಅಂಥದ್ದೇ ಬಿಳಿ ಕಾಗದ. ಅದು ನನ್ನ ಜೊತೆ ಬಸ್ಸು ಹತ್ತುತ್ತದೆ, ಕಾರ್ಖಾನೆಯಲ್ಲಿ ಇಡೀ ದಿನ ಇರುತ್ತದೆ, ಆದರೆ ಬಾಯಿ ಮುಚ್ಚಿಕೊಂಡೇ ಇರುತ್ತದೆ, ಗಾಳಿ ಎಳೆಯುವುದಿಲ್ಲ. ಬೇರೆ ಕಾಗದಗಳನ್ನು ಹೋಲಿಸಿ ನೋಡಲು ಅದು ಬೇಕು. ಎಷ್ಟೋ ಸಂಜೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ನೀನೂ ನಾನೂ ಒಂದೇ ಜಾತಿ ಕಣೇ ಅಂದುಕೊಂಡಿದ್ದೇನೆ.

ಯಾಕೆಂದರೆ ನಾನು ಹೋದಲ್ಲೆಲ್ಲ ಮಾತು ನಿಲ್ಲುತ್ತದೆ. ಕಾರ್ಮಿಕರಿಗೆ ನಾನು ಆಫೀಸಿನ ಕಡೆಯವಳು, ಆಫೀಸಿನವರಿಗೆ ನಾನು ತಪ್ಪು ಹುಡುಕಲು ಬಂದವಳು. ಮಧ್ಯಾಹ್ನ ಗಾಜಿನ ಕೋಣೆಯಲ್ಲಿ ಕೂರಿಸಿ ಟೀ, ಎರಡು ಬಿಸ್ಕತ್ತು ಕೊಟ್ಟು ಬಾಗಿಲು ಎಳೆದುಕೊಂಡು ಹೋಗುತ್ತಾರೆ. ಪಂಪು ಕಟ್ಟುವಾಗ ನಾನೂ ಹೆಚ್ಚು ಮಾತಾಡುವಂತಿರಲಿಲ್ಲ, ಹಾಗೆಂದೇ ನನಗೆ ಕಲಿಸಿದ್ದರು. ಅದಕ್ಕೆ ಕಾರಣವೂ ಇತ್ತು. ಧೂಳು ಸಿಕ್ಕಿದರೆ ಕೆಲಸ ಹೋದೀತೆಂದು ಹೆದರಿ ಡಬ್ಬಿಯನ್ನು ಜೇಬಿಗೆ ತುರುಕಿಕೊಂಡವರಿದ್ದಾರೆ, ಧೂಳು ಸಿಕ್ಕಲೆಂದು ಕಸದ ಗುಡ್ಡೆಗೆ ಅದ್ದಿದವರೂ ಇದ್ದಾರೆ. ಅದಕ್ಕೇ ನಾನು "ಕೈ ತಾಗಿಸಬೇಡಿ, ಒಳಗಿನ ಬಿಳಿ ಕಾಗದ ಗಲೀಜಾಗಬಾರದು" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಏನನ್ನು ಅಳೆಯುತ್ತಿದ್ದೇನೆ ಎಂದು ಹೇಳುತ್ತಿರಲಿಲ್ಲ.

ತಿರುಪ್ಪೂರಿನ ಹೊರಗಿನ ಆ ಘಟಕಕ್ಕೆ ಹೋದದ್ದು ಹೀಗೆಯೇ ಒಂದು ಬೆಳಿಗ್ಗೆ. ಬನಿಯನ್, ಟೀ ಶರ್ಟು ಕತ್ತರಿಸುವಾಗ ಉಳಿಯುವ ಚಿಂದಿಯನ್ನು ಅಲ್ಲಿ ಬಣ್ಣದ ಪ್ರಕಾರ ಬೇರೆ ಮಾಡಿ, ಯಂತ್ರಕ್ಕೆ ಹಾಕಿ ಹರಿದು ಮತ್ತೆ ಹತ್ತಿ ಮಾಡುತ್ತಾರೆ. ಆ ಹತ್ತಿ ಪಕ್ಕದ ಕಟ್ಟಡದಲ್ಲಿ ನೂಲಾಗುತ್ತದೆ. ಹರಿಯುವ ಯಂತ್ರದ ಕೋಣೆಯಲ್ಲಿ ಧೂಳು ಆ ದಿನದ ಚಿಂದಿಯ ಬಣ್ಣದ್ದೇ ಆಗಿರುತ್ತದೆ. ಅಂದು ಕೆಂಪು ಚಿಂದಿ. ಗೋಡೆ, ಟ್ಯೂಬ್‌ಲೈಟು, ಜನರ ಹುಬ್ಬು, ಎಲ್ಲದರ ಮೇಲೂ ಗುಲಾಬಿ ಬಣ್ಣದ ನಯವಾದ ಧೂಳು. ನಾನು ಬರುತ್ತೇನೆಂದು ಗೊತ್ತಿದ್ದರಿಂದ ನೆಲವನ್ನು ಮಾತ್ರ ತೊಳೆದು ಹೊಳೆಯುವಂತೆ ಇಟ್ಟಿದ್ದರು.

ಮ್ಯಾನೇಜರ್ ಐವತ್ತು ದಾಟಿದ ತಮಿಳರು, ಮೃದು ಮಾತಿನವರು. ಮೃದು ಮಾತಿನ ಮ್ಯಾನೇಜರುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. "ಮೇಡಂ, ಮಾಲೀಕರು ಒಂದು ಮಾತು ಹೇಳಿದ್ದಾರೆ. ಧೂಳು ಮಿತಿ ದಾಟಿದೆ ಅಂತ ನಿಮ್ಮ ವರದಿ ಬಂದರೆ ಹರಿಯುವ ಯಂತ್ರದ ಮೇಲೆ ಧೂಳೆಳೆಯುವ ಪೈಪು ಹಾಕಿಸುತ್ತಾರೆ. ಬರದಿದ್ದರೆ ಇಲ್ಲ" ಎಂದರು. ಒಂದು ಹಾಳೆಯ ಮೇಲೆ ನಿಂತ ವಿಷಯ. ನಾನು ತಲೆಯಾಡಿಸಿ ಪೆಟ್ಟಿಗೆ ತೆರೆದೆ.

ಯಂತ್ರದ ಮಗ್ಗುಲಲ್ಲೇ ಕೂತು ಚಿಂದಿ ಬೇರೆ ಮಾಡುತ್ತಿದ್ದ ಒಬ್ಬ ಹೆಂಗಸಿಗೆ ಮೊದಲ ಪಂಪು. ಐವತ್ತೈದರ ಆಸುಪಾಸು, ಕಡ್ಡಿಯಂಥ ಮೈ, ಸೀರೆಯ ಮೇಲೊಂದು ಗಂಡಸರ ಶರ್ಟು, ತಲೆಗೆ ಸುತ್ತಿದ ಟವೆಲ್ಲು. ನಾಲ್ಕು ಚಿಂದಿ ತೆಗೆಯುವಷ್ಟರಲ್ಲಿ ಒಮ್ಮೆ ಕೆಮ್ಮುತ್ತಿದ್ದಳು. ಡಬ್ಬಿಯನ್ನು ಅವಳ ಕಾಲರಿಗೆ ಸಿಕ್ಕಿಸುವಾಗ ಕ್ಲಿಪ್ಪು ಜಾರಿ ಬಿತ್ತು. "ಥೂ, ಹಾಳಾದ್ದು" ಅಂದೆ.

ಅವಳು ನಕ್ಕುಬಿಟ್ಟಳು. "ಅಮ್ಮಣಿ, ನೀನು ಕನ್ನಡವಾ?"

ಕಾರ್ಖಾನೆಯ ಆ ಗದ್ದಲದಲ್ಲಿ ಆ ಮಾತು ಕೇಳಿ, ಬಿದ್ದ ಕ್ಲಿಪ್ಪನ್ನು ಹೆಕ್ಕುವುದನ್ನೇ ಮರೆತೆ. ಹೌದೆಂದೆ. "ನಾವೂ ಮನೇಲಿ ಕನ್ನಡಾನೇ. ನೆಯ್ಗೆ ಮನೆ ನಮ್ದು. ತಾತನ ತಾತನ ಕಾಲದಿಂದ ಇಲ್ಲೇ. ಓದೋಕೆ ಬರೆಯೋಕೆ ಬರಲ್ಲ, ಮಾತು ಮಾತ್ರ" ಎಂದಳು. ರಾಗ ಪೂರ್ತಿ ತಮಿಳು, ಪದ ಮಾತ್ರ ಕನ್ನಡ. ನಾನು ಎಂದಿನ ಎರಡು ಮಾತನ್ನು ಆ ದಿನ ಸಂತೋಷದಿಂದ ಕನ್ನಡದಲ್ಲಿ ಹೇಳಿದೆ. "ಅಮ್ಮ, ಇದಕ್ಕೆ ಕೈ ತಾಗಿಸಬೇಡಿ. ಒಳಗಿರೋ ಕಾಗದ ತುಂಬ ಬಿಳಿ, ಗಲೀಜಾಗಬಾರದು."

"ಸರೀಂಗ ಅಮ್ಮಣಿ. ನಾನು ನೋಡ್ಕೊಳ್ತೀನಿ" ಎಂದಳು.

ಮಧ್ಯಾಹ್ನ ಗಾಜಿನ ಕೋಣೆಯ ಬಿಸ್ಕತ್ತು ತಪ್ಪಿಸಿಕೊಂಡು ಹೊರಗಿನ ಬೇವಿನ ಮರದ ಕೆಳಗೆ ಅವಳ ಪಕ್ಕ ಕೂತೆ. ಊಟದ ಹೊತ್ತಿಗೆಂದು ಅವಳ ಪಂಪನ್ನು ನಿಲ್ಲಿಸಿದ್ದೆ. ತನ್ನ ಊಟದ ಡಬ್ಬಿಯ ಹುಳಿಯನ್ನದಲ್ಲಿ ಅರ್ಧ ನನ್ನ ತಟ್ಟೆಗೆ ಹಾಕಿದಳು, ಬೇಡವೆಂದರೂ ಕೇಳಲಿಲ್ಲ. ಮುಕ್ಕಾಲು ಗಂಟೆ ಮಾತಾಡಿದೆವು. ಆಡಿದೆವು ಅನ್ನುವುದಕ್ಕಿಂತ ನಾನೇ ಆಡಿದೆ. ಅಕ್ಕನ ವಿಷಯ, ಮುರಿದ ಮದುವೆಯ ವಿಷಯ, ಕೋಣೆಯ ಒಂದೇ ಕುರ್ಚಿಯ ವಿಷಯ. ಹನ್ನೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಹುಳಿಯನ್ನದ ಜೊತೆ ಹೊರಗೆ ಬಂತು. ಅವಳು ತನ್ನ ತಾಯಿಯ ಮಗ್ಗದ ವಿಷಯ ಹೇಳಿದಳು.

"ನಮ್ಮಮ್ಮ ಬಿಳಿ ವೇಷ್ಟಿ ನೆಯ್ತಿದ್ಲು. ಮಗ್ಗದಿಂದ ಎದ್ರೆ ಫಸ್ಟು ನೆಯ್ದಿದ್ದರ ಮೇಲೆ ಒಂದು ತುಣಿ ಬಟ್ಟೆ ಮುಚ್ಚೋದು, ಅಪ್ಪುರಂ ತಾನು ನೀರು ಕುಡಿಯೋದು. ಯಜಮಾನ್ರು ಬಂದು ನೋಡುವಾಗ ಮಾತ್ರ ತೆಗೆಯೋದು. ಒಂದು ಕರೆ, ಚುಕ್ಕೆಯಷ್ಟು ಕಲೆ ಕಂಡ್ರೂ ವೇಷ್ಟಿ ವಾಪಸು. ನಮ್ಮ ಮನೇದು ಒಂದು ಸಲಾನೂ ವಾಪಸು ಬರ್ಲಿಲ್ಲ."

ಕೆಮ್ಮು ಎಷ್ಟು ದಿನದಿಂದ ಎಂದು ಕೇಳಿದೆ. "ರೊಂಬ ದಿವಸ ಆಯ್ತು. ಆ ಮಿಷನ್ ಮೇಲೆ ದೊಡ್ಡ ಪೈಪು ಹಾಕಿದ್ರೆ ಎಲ್ಲಾ ಎಳ್ಕೊಂಡು ಹೋಗುತ್ತಂತೆ. ಯಾವಾಗ ಹಾಕ್ತಾರೋ, ಅಲ್ಲಿವರೆಗೂ ಎದೆ ತಾಂಗಬೇಕಲ್ಲ, ತಡ್ಕೋಬೇಕಲ್ಲ" ಎಂದು ನಗುತ್ತಲೇ ಎದೆ ತಟ್ಟಿಕೊಂಡಳು.

ಆ ಪೈಪು ಬರುವುದೂ ಬಿಡುವುದೂ ಅವಳ ಕಾಲರಿನಲ್ಲಿ ನೇತಾಡುತ್ತಿದ್ದ ಡಬ್ಬಿಯ ಮೇಲೆ ನಿಂತಿತ್ತು. ಮಾತು ನಾಲಿಗೆಯ ತುದಿಗೆ ಬಂತು. ನಿಯಮ ನೆನಪಾಗಿ ನುಂಗಿಕೊಂಡೆ. ನನ್ನ ಸಂಸಾರದ ಗೋಳನ್ನೆಲ್ಲ ಹೇಳಿಕೊಂಡವಳು ಅದೊಂದನ್ನು ಹೇಳಲಿಲ್ಲ.

ಮಧ್ಯಾಹ್ನದ ಮೇಲೆ ನೂಲಿನ ಕಟ್ಟಡದಲ್ಲೂ ಎರಡು ಪಂಪುಗಳಿದ್ದವು. ಅಲ್ಲಿದ್ದುಕೊಂಡು ಗಂಟೆಗೊಮ್ಮೆ ಈಚೆ ಬಂದು ಅವಳನ್ನು ನೋಡಿಹೋಗುತ್ತಿದ್ದೆ. ಪ್ರತಿ ಸಲವೂ ಡಬ್ಬಿ ಇದ್ದ ಜಾಗದಲ್ಲೇ ಇತ್ತು, ಬಾಯಿ ತೆರೆದೇ ಇತ್ತು. ನಾನು ಬರುವುದು ಕಂಡರೆ ಅವಳು ನೆಟ್ಟಗೆ ಕೂರುತ್ತಿದ್ದಳು, ಟವೆಲ್ಲು ಸರಿ ಮಾಡಿಕೊಳ್ಳುತ್ತಿದ್ದಳು. ಫೋಟೋಗೆ ಕೂತ ಹಾಗೆ ಅಂದುಕೊಂಡು ನಗುತ್ತ ಹೋದೆ. ಸಂಜೆ ಬಿಚ್ಚಿ ಮುಚ್ಚಳ ಹಾಕುವಾಗ ಕೇಳಿದಳು, "ಗಲೀಜಾಗ್ಲಿಲ್ಲ ತಾನೆ?" ಪಂಪಿನ ವಿಷಯ ಕೇಳುತ್ತಿದ್ದಾಳೆಂದುಕೊಂಡು, ಕೈಯಿಂದ ಅದನ್ನು ಒರೆಸುತ್ತ, ಇಲ್ಲಮ್ಮ ಅಂದೆ. ಬಸ್ಸು ಹಿಡಿಯುವ ಅವಸರದಲ್ಲಿದ್ದೆ.

ಮರುದಿನ ಪ್ರಯೋಗಾಲಯದಲ್ಲಿ ಮುಚ್ಚಳ ತೆಗೆದರೆ ಅವಳ ಕಾಗದ ಬೆಳ್ಳಗಿತ್ತು. ನೂಲಿನ ಕಟ್ಟಡದ ಎರಡೂ ಮಂಕಾಗಿದ್ದವು, ಇದು ಮಾತ್ರ ಬೆಳ್ಳಗೆ. ತೂಗಿ ನೋಡಿದರೆ ಬ್ಲಾಂಕಿಗೂ ಇದಕ್ಕೂ ಹೆಚ್ಚು ಕಡಿಮೆ ವ್ಯತ್ಯಾಸವೇ ಇಲ್ಲ. ಕೆಂಪು ಚಿಂದಿಯ ದಿನ, ಗೋಡೆಯೆಲ್ಲ ಗುಲಾಬಿಯಾಗಿದ್ದ ಕೋಣೆಯಲ್ಲಿ ಇಡೀ ದಿನ ಕೂತು ಬಂದ ಕಾಗದ! ನನಗೆ ಪಿತ್ತ ನೆತ್ತಿಗೇರಿತು. ನಾನು ಆಚೆ ಕಟ್ಟಡಕ್ಕೆ ಹೋದ ಕೂಡಲೆ ಯಂತ್ರ ನಿಲ್ಲಿಸಿದ್ದಾರೆ, ನಾನು ಬರುವುದು ಕಂಡಾಗ ಮತ್ತೆ ಹಾಕಿದ್ದಾರೆ ಎಂದು ತೀರ್ಮಾನಿಸಿಬಿಟ್ಟೆ. ಮ್ಯಾನೇಜರಿಗೆ ಫೋನ್ ಮಾಡಿ ನನ್ನ ಮುರುಕು ತಮಿಳಿನಲ್ಲಿ ಬಾಯಿಗೆ ಬಂದದ್ದು ಅಂದೆ. "ಮೇಡಂ, ಒಂದು ನಿಮಿಷವೂ ನಿಲ್ಲಿಸಿಲ್ಲ" ಎಂದು ಮೂರು ಸಲ ಹೇಳಿದರು. ಮೃದುವಾಗಿಯೇ ಹೇಳಿದರು. ನಾನು ನಂಬಲಿಲ್ಲ.

ನಮ್ಮ ಪ್ರಯೋಗಾಲಯದ ಮುಖ್ಯಸ್ಥರು ಎಲ್ಲ ನೋಡಿ, ಪಂಪು ಎಳೆದ ಗಾಳಿ ಸರಿ ಇದೆ, ಸಮಯ ಸರಿ ಇದೆ, ಸಹಿ ಹಾಕಿ ಎಂದರು. ಇನ್ನೊಮ್ಮೆ ಅಳೆಯಬೇಕು ಎಂದು ಹಟ ಹಿಡಿಯಬಹುದಿತ್ತು. ಅವಳ ಕೆಮ್ಮು ಕಿವಿಯಲ್ಲಿತ್ತು. ಆದರೆ ಮೋಸ ಮಾಡಿದವರಿಗಾಗಿ ನಾನೇಕೆ ಮತ್ತೆ ಎರಡು ಬಸ್ಸು ಹತ್ತಲಿ ಎಂಬ ಸಿಟ್ಟೇ ಗೆದ್ದಿತು. ಧೂಳು ಮಿತಿಯೊಳಗಿದೆ ಎಂಬ ಸಾಲಿನ ಕೆಳಗೆ ನನ್ನ ಸಹಿ ಬಿತ್ತು.

ಮತ್ತೆ ಅಲ್ಲಿಗೆ ಹೋದದ್ದು ಆರು ತಿಂಗಳ ಮೇಲೆ, ಮುಂದಿನ ಸರದಿಗೆ. ದಾರಿಯಲ್ಲಿ ಅವಳಿಗೆಂದು ಒಂದು ಸೇರಿನಷ್ಟು ಕಡಲೆಪುರಿ ಕಟ್ಟಿಸಿಕೊಂಡಿದ್ದೆ. ಯಂತ್ರದ ಮೇಲೆ ಪೈಪು ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಅವಳ ಜಾಗದಲ್ಲಿ ಒಡಿಶಾ ಕಡೆಯ ಒಬ್ಬ ಯುವತಿ ಕೂತಿದ್ದಳು.

"ಆ ಅಮ್ಮನಾ? ಎರಡು ತಿಂಗಳಾಯಿತು ಕೆಲಸ ಬಿಟ್ಟು. ಮೇಲುಸಿರು ಬರುತ್ತಿತ್ತು, ಕೂತರೂ ಆಗುತ್ತಿರಲಿಲ್ಲ" ಎಂದರು ಮ್ಯಾನೇಜರು. ಆಮೇಲೆ ಏನೋ ನೆನಪಾಗಿ ಮೇಜಿನ ಡ್ರಾಯರು ಎಳೆದು ಒಂದು ಪುಟ್ಟ ಪೊಟ್ಟಣ ತೆಗೆದರು. "ನಿಮಗೆ ಕೊಡಲು ಹೇಳಿದ್ದರು."

ಬಿಳಿ ಬನಿಯನ್ ಚಿಂದಿಯಿಂದ ಹೊಲಿದ ಒಂದು ಟೋಪಿ. ಗೊಂಬೆಯ ಟೋಪಿಯಷ್ಟೇ ಗಾತ್ರ, ಅಂಚಿಗೆ ಎಲಾಸ್ಟಿಕ್ಕು, ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆ. ಏನಿದು ಎಂದು ಕೇಳಿದೆ.

"ನಿಮ್ಮ ಡಬ್ಬಿಗಂತೆ ಮೇಡಂ. ಹೋದ ಸಲ ಇಡೀ ದಿನ ಟವೆಲ್ಲಿನ ತುದಿಯನ್ನು ಅದರ ಮೇಲೆ ಮುಚ್ಚಿಕೊಂಡು ಕೂತಿದ್ದರಂತೆ, ಕೆಲಸ ಮಾಡಲು ತೊಂದರೆಯಾಯಿತಂತೆ. ನೀವು ನೋಡಲು ಬಂದಾಗ ಮಾತ್ರ ತೆಗೆಯುತ್ತಿದ್ದರಂತೆ. ಇದಾದರೆ ಯಾರಿಗೆ ಕಟ್ಟಿದರೂ ಸುಲಭ, ಕಾಗದ ಗಲೀಜಾಗುವುದಿಲ್ಲ, ಆ ಕನ್ನಡದ ಮೇಡಂ ಬಂದರೆ ಕೊಡಿ ಅಂದರು."

ಪೆಟ್ಟಿಗೆಯಿಂದ ಒಂದು ಡಬ್ಬಿ ತೆಗೆದು ಟೋಪಿ ಹಾಕಿ ನೋಡಿದೆ. ಅಳತೆ ತೆಗೆದು ಮಾಡಿದಂತೆ ಕೂತಿತು. ಒಂದೇ ದಿನ, ಬರೀ ಕಣ್ಣಳತೆಯಲ್ಲಿ ನೋಡಿಕೊಂಡಿದ್ದಳು. ಬನಿಯನ್ ಬಟ್ಟೆ ಗಾಳಿಯನ್ನು ಒಳಗೆ ಬಿಡುತ್ತದೆ, ಟವೆಲ್ಲೂ ಅಷ್ಟೆ. ಧೂಳನ್ನು ಬಿಡುವುದಿಲ್ಲ. ಪಂಪಿಗೆ ಅನುಮಾನವೇ ಬಂದಿರಲಿಲ್ಲ. ನೆಯ್ದ ಬಿಳಿಯ ಮೇಲೆ ಬಟ್ಟೆ ಮುಚ್ಚಬೇಕು, ಯಜಮಾನರು ಬಂದಾಗ ತೆಗೆಯಬೇಕು. ಬೇವಿನ ಮರದ ಕೆಳಗೆ ಅವಳೇ ನನಗೆ ಹೇಳಿದ್ದಳು. ನಾನು ಹುಳಿಯನ್ನ ತಿನ್ನುತ್ತ ಕೇಳಿಸಿಕೊಂಡಿದ್ದೆ. ಟೋಪಿಯನ್ನು ಡಬ್ಬಿಯಿಂದ ತೆಗೆದು ಪೊಟ್ಟಣದಲ್ಲಿಟ್ಟೆ.

ಮ್ಯಾನೇಜರಿಗೆ ಎಲ್ಲ ಹೇಳಿ ಕ್ಷಮೆ ಕೇಳಿದೆ. ಅವರು ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಆ ದಿನ ಒಡಿಶಾದ ಯುವತಿಗೆ ಪಂಪು ಕಟ್ಟುವಾಗ ನನಗೆ ಬರುವ ಅರೆಬರೆ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ: ಇದು ನಿನ್ನ ಉಸಿರಿಗೆ ಬರುವ ಧೂಳನ್ನು ಹಿಡಿಯುತ್ತದೆ, ಹಿಡಿಯಲಿ ಬಿಡು, ಮುಚ್ಚಬೇಡ, ಬಡಿಯಬೇಡ, ಇದು ಎಷ್ಟು ಕೊಳಕಾಗುತ್ತದೋ ಅಷ್ಟನ್ನೂ ನಾನು ಬರೆಯುತ್ತೇನೆ. ಅವಳು ಎರಡು ಪ್ರಶ್ನೆ ಕೇಳಿದಳು, ಎರಡಕ್ಕೂ ಉತ್ತರ ಕೊಟ್ಟೆ. ಅದಕ್ಕೆ ಹಿಡಿದದ್ದು ಮೂರೋ ನಾಲ್ಕೋ ನಿಮಿಷ.

ಅಂದು ನೀಲಿ ಚಿಂದಿ. ಕಾಗದ ಮಬ್ಬು ನೀಲಿಯಾಗಿ ಬಂತು, ಮಿತಿ ಎಲ್ಲೋ ಹಿಂದೆ ಉಳಿದಿತ್ತು. ಹಳೆಯ ವರದಿ ತಪ್ಪು, ತಪ್ಪು ನನ್ನದು ಎಂದು ಪತ್ರ ಬರೆದು ಅದನ್ನು ರದ್ದು ಮಾಡಿಸಿದೆ. ಮುಖ್ಯಸ್ಥರು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ನನ್ನ ದಿನಚರಿಯಲ್ಲಿ ಅದರಿಂದ ಅಂಥ ಬದಲಾವಣೆಯೇನೂ ಆಗಲಿಲ್ಲ. ಮಾಲೀಕರು ಮಾತಿಗೆ ತಪ್ಪಲಿಲ್ಲ. ಯಂತ್ರದ ಮೇಲೆ ದೊಡ್ಡ ತಗಡಿನ ಪೈಪು ಬಂತು. ಹೋಗಿ ನೋಡಿದೆ. ಟ್ಯೂಬ್‌ಲೈಟು ಬೆಳ್ಳಗೆ ಉರಿಯುತ್ತಿತ್ತು. ಆ ಯುವತಿ ನನ್ನನ್ನು ಕಂಡು ಕೈ ಬೀಸಿದಳು.

ಅಲ್ಲಿಂದ ನೇರ ಟೋಪಿ ಹೊಲಿದ ಅಮ್ಮನ ಮನೆಗೆ ಹೋದೆ. ವಿಳಾಸ ಮ್ಯಾನೇಜರೇ ಬರೆದುಕೊಟ್ಟಿದ್ದರು. ಪವರ್‌ಲೂಮು ಬಡಿಯುವ ಓಣಿ, ಕೊನೆಯ ಮನೆ. ಸೊಸೆ ಒಳಗೆ ಕರೆದಳು. ಅವಳು ಗೋಡೆಗೆ ದಿಂಬು ಒರಗಿಸಿ ಕೂತಿದ್ದಳು, ಪಕ್ಕದಲ್ಲಿ ಬಾಯಿಗೆ ಎಳೆದುಕೊಳ್ಳುವ ಔಷಧಿ. ಮೈ ಇನ್ನೂ ಇಳಿದಿತ್ತು. ನನ್ನನ್ನು ಕಂಡವಳೇ, "ಕನ್ನಡದ ಅಮ್ಮಣಿ ಬಂದೈತೆ, ಕಾಫಿ ಹಾಕು" ಎಂದು ಸೊಸೆಗೆ ಕೂಗಿ, ಕೂಗಿದ್ದಕ್ಕೆ ಉಸಿರು ಸಾಲದೆ ಔಷಧಿಯನ್ನು ಬಾಯಿಗೆ ಎಳೆದುಕೊಂಡಳು.

ಎಲ್ಲ ಹೇಳಬೇಕೆಂದೇ ಹೋಗಿದ್ದೆ. ಬಸ್ಸಿನಲ್ಲಿ ವಾಕ್ಯಗಳನ್ನೂ ಜೋಡಿಸಿಕೊಂಡಿದ್ದೆ. ಆ ದಿನ ನಾನು ಒಂದು ಮಾತು ಹೇಳಿದ್ದರೆ ನೀವು ಕೂತಲ್ಲಿಗೇ ಆ ಪೈಪು ಬರುತ್ತಿತ್ತು ಎಂದು.

"ಟೋಪಿ ಸರಿಯಾಗಿ ಕೂತ್ಕೊಳ್ತಾ?" ಎಂದು ಕೇಳಿದಳು.

"ಸರಿಯಾಗಿ ಕೂತಿದೆ ಅಮ್ಮ. ಅಳತೆ ತೆಗೆದ ಹಾಗೆ."

"ಆವತ್ತು ಟವೆಲ್ಲಲ್ಲಿ ಮುಚ್ಚಿದ್ನಲ್ಲ, ಆ ಕಾಗದ?" ಉಸಿರು ತೆಗೆದುಕೊಂಡಳು. "ಅಷ್ಟು ಕೆಂಪು ದೂಸಿ ಆವತ್ತು. ನಂಗೆ ಅದೇ ಯೋಚನೆ. ಕರೆ ಆಗ್ಲಿಲ್ಲ ತಾನೆ?"

ನನ್ನ ಬಿಳಿ ಕಾಗದವನ್ನು ಇಡೀ ದಿನ ಕಾಪಾಡಿದವಳು, ಆ ಧೂಳನ್ನೆಲ್ಲ ತಾನೇ ಉಸಿರಾಡಿದವಳು, ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲಮ್ಮ. ಒಂದು ಚೂರೂ ಕರೆ ಇರಲಿಲ್ಲ. ಹಾಗೇ ಬೆಳ್ಳಗಿತ್ತು" ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅವಳ ಮುಖ ಅರಳಿತು. ಕಾಫಿ ತಂದ ಸೊಸೆಯ ಕಡೆ ತಿರುಗಿ, "ನೋಡ್ದ್ಯಾ, ನಾನು ಹೇಳ್ಲಿಲ್ವಾ? ನಮ್ಮ ಕೈಲಿ ಕೊಟ್ಟಿದ್ದು ಯಾವತ್ತೂ ವಾಪಸು ಬರಲ್ಲ" ಎಂದಳು. ನಾನು ಕಾಫಿ ಕುಡಿದೆ. ಹೇಳಬೇಕಾಗಿದ್ದ ಮಾತನ್ನು ಆ ದಿನವೂ ಹೇಳದೆ ಎದ್ದು ಬಂದೆ.